ಪಾಲಿ ಮರ್ರೆ ಯಾವ ಕಾಲಮ್ಮಿಗೆ ಸೇರ್ತಾರೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

 ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ, ಸೀಟು ಸಿಕ್ಕಿದೆ ಅಂದ್ಕೊಂಡಿದೀನಿ.

ಇವತ್ತು ಮೂರು ದೊಡ್ಡ ಪದಗಳಿವೆ: ಜನಾಂಗ, ಲಿಂಗ, ಲೈಂಗಿಕತೆ. ನಾನು ಯಾರು ಅನ್ನೋದನ್ನ ಈ ಮೂರೂ ಸೇರಿ ಹೇಗೆ ತೀರ್ಮಾನ ಮಾಡ್ತವೆ ಅನ್ನೋದೇ ಇವತ್ತಿನ ಪ್ರಶ್ನೆ. ಈ ವಿಷಯ ಎತ್ತಿದಾಗೆಲ್ಲ ಒಂದು ಮಾತು ಬಂದೇ ಬರುತ್ತೆ: "ಇದೆಲ್ಲ ಇನ್‌ಸ್ಟಾಗ್ರಾಮ್ ಕಾಲದ ಗಲಾಟೆ, ನಮ್ಮಜ್ಜಿ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ." ಸರಿ, ಹಾಗಾದ್ರೆ ಅಜ್ಜಿ ಕಾಲಕ್ಕೇ ಹೋಗೋಣ. 1910ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಒಬ್ಬ ವಕೀಲರ ಕಥೆ ಹೇಳ್ತೀನಿ. ಹೆಸರು ಪಾಲಿ ಮರ್ರೆ. ಟೆನಿಸ್ ಆಡೋ ಮರ್ರೆಗೂ ಇವರಿಗೂ ಏನೂ ಸಂಬಂಧ ಇಲ್ಲ.

ಥಿಯರಿ ಮೊದಲು ಹೇಳಿ ಉದಾಹರಣೆ ಆಮೇಲೆ ಕೊಡೋದು ಕಾಲೇಜಿನ ಪದ್ಧತಿ. ನಾನು ಉಲ್ಟಾ ಮಾಡ್ತೀನಿ. ಮೊದಲು ಜೀವನ, ಥಿಯರಿ ಆಮೇಲೆ.

ಎರಡು ಯೂನಿವರ್ಸಿಟಿ, ಎರಡು ಕಾರಣ

ಮರ್ರೆ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಬೆಳೆದಿದ್ದು ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್ ಊರಲ್ಲಿ, ದೊಡ್ಡಮ್ಮ ಮತ್ತು ಅಜ್ಜ ಅಜ್ಜಿ ಜೊತೆ. ಆ ಅಜ್ಜಿ ಕಾರ್ನೀಲಿಯಾ ಹುಟ್ಟಿದ್ದು ಗುಲಾಮಗಿರಿಯಲ್ಲಿ. ಅಜ್ಜಿಯ ತಾಯಿ ಹ್ಯಾರಿಯೆಟ್ ಗುಲಾಮಳಾಗಿದ್ದಳು. ಒಡೆಯನ ಮಗ ಅವಳ ಮೇಲೆ ಬಲಾತ್ಕಾರ ಮಾಡಿ ಹುಟ್ಟಿದ ಮಗುವೇ ಕಾರ್ನೀಲಿಯಾ. ಅಂದ್ರೆ ಮರ್ರೆಯ ಮೈಯಲ್ಲಿ ಒಡೆಯರ ರಕ್ತವೂ ಇತ್ತು, ಗುಲಾಮರ ರಕ್ತವೂ ಇತ್ತು. ಆದ್ರೆ ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಇದು ಅರ್ಧ ಅರ್ಧ ಅಲ್ಲ. ಒಂದು ತೊಟ್ಟು ಕಪ್ಪು ರಕ್ತ ಇದ್ರೂ ಆ ಮನುಷ್ಯ ಕಪ್ಪು, ಅಷ್ಟೇ. ನಿಮ್ಮ ಜನಾಂಗ ಯಾವುದು ಅನ್ನೋದನ್ನ ನೀವು ಹೇಳೋ ಹಾಗಿಲ್ಲ, ಸರ್ಕಾರ ಹೇಳುತ್ತೆ.

1938ರಲ್ಲಿ ಮರ್ರೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರ ಬಂತು: ನಿಮ್ಮ ಜನಾಂಗದವರಿಗೆ ಇಲ್ಲಿ ಪ್ರವೇಶ ಇಲ್ಲ. ಇಲ್ಲೊಂದು ವಿಪರ್ಯಾಸ ಇದೆ. ಅಜ್ಜಿಯನ್ನ ಗುಲಾಮಳಾಗಿ ಇಟ್ಟುಕೊಂಡಿದ್ದ ಸ್ಮಿತ್ ಕುಟುಂಬ ತನ್ನ ಜಮೀನಿನ ಒಂದು ಪಾಲನ್ನ ಇದೇ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿತ್ತು. ಮನೆತನದ ಆಸ್ತಿ ಗೇಟು ದಾಟಿ ಒಳಗೆ ಹೋಗಿತ್ತು, ಮನೆತನದ ಮೊಮ್ಮಗು ಮಾತ್ರ ಹೊರಗೆ.

1940ರ ಮಾರ್ಚ್. ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಮರ್ರೆ ಮತ್ತು ಒಬ್ಬ ಗೆಳತಿ ಬಸ್ಸಲ್ಲಿದ್ದರು. ಕಪ್ಪು ಜನ ಹಿಂದೆ ಕೂರಬೇಕು ಅನ್ನೋ ನಿಯಮ. ಹಿಂದಿನ ಸೀಟು ಮುರಿದಿತ್ತು, ಒಂದು ಸೀಟು ಮುಂದೆ ಬಂದು ಕೂತರು. ಹಿಂದೆ ಹೋಗಿ ಅಂದಾಗ ಹೋಗಲಿಲ್ಲ. ಇಬ್ಬರನ್ನೂ ಅರೆಸ್ಟ್ ಮಾಡಿದರು. ರೋಸಾ ಪಾರ್ಕ್ಸ್ ಹೆಸರು ಸ್ಕೂಲ್ ಪುಸ್ತಕದಲ್ಲಿ ಓದಿರ್ತೀರಿ, ಅದು 1955. ಇದು ಅದಕ್ಕಿಂತ 15 ವರ್ಷ ಮೊದಲು. ಆ ಹೊತ್ತಿಗೆ ಮರ್ರೆ ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದ್ತಾ ಇದ್ದರು. ಜೈಲಲ್ಲಿ ಅದನ್ನೇ ಪ್ರಯೋಗ ಮಾಡಿ ನೋಡಿದರು: ಸಿಟ್ಟು ಮಾಡಿಕೊಳ್ಳದೆ, ವಿನಯವಾಗಿ, ಆದ್ರೆ ಬಗ್ಗದೆ.

ಆಮೇಲೆ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದೋಕೆ ಸೇರಿದರು. ಅದು ಕಪ್ಪು ಜನರದ್ದೇ ಸಂಸ್ಥೆ. ಇಲ್ಲಾದ್ರೂ ನೆಮ್ಮದಿ ಸಿಗಬೇಕಿತ್ತಲ್ವಾ? ತರಗತಿಯಲ್ಲಿ ಇದ್ದ ಏಕೈಕ ವಿದ್ಯಾರ್ಥಿನಿ ಅಂತ ಲೆಕ್ಕ ಆಗಿದ್ದವರು ಮರ್ರೆ. ಮೊದಲ ದಿನವೇ ಒಬ್ಬ ಪ್ರೊಫೆಸರ್, ಹೆಂಗಸರು ಲಾ ಓದೋಕೆ ಯಾಕೆ ಬರ್ತಾರೋ ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು, ಕ್ಲಾಸೆಲ್ಲ ನಕ್ಕಿತು. ಮರ್ರೆ ಜಗಳ ಆಡಲಿಲ್ಲ. 1944ರಲ್ಲಿ ಇಡೀ ತರಗತಿಗೆ ಮೊದಲಿಗರಾಗಿ ಪಾಸಾದರು.

ಹೊವಾರ್ಡ್‌ನಲ್ಲಿ ಮೊದಲು ಬಂದವರು ಫೆಲೋಶಿಪ್ ತಗೊಂಡು ಹಾರ್ವರ್ಡ್‌ಗೆ ಹೋಗೋದು ವಾಡಿಕೆ. ಮರ್ರೆಗೆ ಫೆಲೋಶಿಪ್ ಸಿಕ್ತು, ಹಾರ್ವರ್ಡ್ ಸಿಗಲಿಲ್ಲ. ಈ ಸಲ ಅಡ್ಡ ಬಂದಿದ್ದು ಜನಾಂಗ ಅಲ್ಲ, ಲಿಂಗ. ಹಾರ್ವರ್ಡ್ ಲಾ ಸ್ಕೂಲ್ ಹೆಂಗಸರನ್ನ ಸೇರಿಸಿಕೊಂಡಿದ್ದೇ 1950ರಲ್ಲಿ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 1938ರಲ್ಲಿ 'ನೀವು ಕಪ್ಪು, ಆಗಲ್ಲ.' 1944ರಲ್ಲಿ 'ನೀವು ಹೆಂಗಸು, ಆಗಲ್ಲ.' ವ್ಯಕ್ತಿ ಒಬ್ಬರೇ. ಅಮೆರಿಕದಲ್ಲಿ ಕಪ್ಪು ಜನರನ್ನ ಬೇರೆ ಇಡೋ ಕಾನೂನುಗಳಿಗೆಲ್ಲ ಸೇರಿ 'ಜಿಮ್ ಕ್ರೋ' ಅನ್ನೋ ಅಡ್ಡ ಹೆಸರಿತ್ತು. ಅದನ್ನೇ ತಿರುಗಿಸಿ ಮರ್ರೆ ಒಂದು ಹೊಸ ಹೆಸರು ಕಟ್ಟಿದರು: 'ಜೇನ್ ಕ್ರೋ'. ಜಿಮ್‌ಗೆ ಒಬ್ಬ ತಂಗಿ ಇದ್ದಾಳೆ, ಅವಳೂ ಅಷ್ಟೇ ಕೆಟ್ಟವಳು, ಆದ್ರೆ ಅವಳ ಬಗ್ಗೆ ಯಾರೂ ಮಾತಾಡಲ್ಲ ಅನ್ನೋ ಹಾಗೆ.

ಯಾರಿಗೂ ಹೇಳದ ಮೂರನೇ ಮಾತು

ಇಷ್ಟೇ ಆಗಿದ್ರೆ ಕಥೆ ಎರಡು ಕಾಲಮ್ಮಲ್ಲಿ ಮುಗೀತಿತ್ತು. ಮರ್ರೆಗೆ ಮೂರನೇದೂ ಇತ್ತು.

ಹುಟ್ಟಿದಾಗ ಇಟ್ಟ ಹೆಸರು ಆ್ಯನಾ ಪಾಲಿನ್. ಗಂಡು ಹೆಣ್ಣು ಎರಡಕ್ಕೂ ಹೊಂದೋ 'ಪಾಲಿ' ಅವರೇ ಆರಿಸಿಕೊಂಡ ಹೆಸರು. ಪ್ರೀತಿಸಿದ್ದು ಹೆಂಗಸರನ್ನ. ಆದ್ರೆ ತಾನು ಹೆಂಗಸರನ್ನ ಪ್ರೀತಿಸೋ ಹೆಂಗಸು ಅಂತ ಅವರಿಗೆ ಅನ್ನಿಸ್ತಾನೇ ಇರಲಿಲ್ಲ. ತಾನು ಒಳಗಿನಿಂದ ಗಂಡೇ ಅನ್ನಿಸ್ತಿತ್ತು. 1930ರ ದಶಕದ ಕೊನೆಯಲ್ಲಿ, 1940ರ ದಶಕದಲ್ಲಿ ಒಬ್ಬರಾದ ಮೇಲೆ ಒಬ್ಬರು ಡಾಕ್ಟರ ಹತ್ತಿರ ಹೋಗಿ ಗಂಡಿನ ಹಾರ್ಮೋನ್ ಕೊಡಿ ಅಂತ ಕೇಳಿದರು. ಯಾರೂ ಕೊಡಲಿಲ್ಲ. 'ಟ್ರಾನ್ಸ್‌ಜೆಂಡರ್' ಅನ್ನೋ ಪದವೇ ಬಳಕೆಯಲ್ಲಿ ಇಲ್ಲದ ಕಾಲ. ಅನುಭವ ಇದೆ, ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದನ್ನ ಡಾಕ್ಟರಿಗೆ ಹೇಗೆ ವಿವರಿಸ್ತೀರಾ?

'ಅಜ್ಜಿ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ' ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಇತ್ತು. ಕಾಗದದಲ್ಲಿ ಬರೆದಿಟ್ಟು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು.

ರೆನೇ ಬಾರ್ಲೋ ಅನ್ನೋ ಮಹಿಳೆ ಹಲವು ವರ್ಷ ಮರ್ರೆಯ ಜೀವನಸಂಗಾತಿಯಾಗಿದ್ದರು. ಆದರೆ ಇಬ್ಬರೂ ಒಂದೇ ಮನೆಯಲ್ಲಿ ಸಂಸಾರ ಹೂಡಲಿಲ್ಲ. ಬಾರ್ಲೋ 1973ರಲ್ಲಿ ತೀರಿಕೊಂಡರು. ಮರ್ರೆಯ ಆತ್ಮಕಥೆ ಅವರು ಸತ್ತ ಮೇಲೆ, 1987ರಲ್ಲಿ ಬಂತು. ಅದರಲ್ಲಿ ವರ್ಣಭೇದದ ಬಗ್ಗೆ ಬಿಚ್ಚುಮನಸ್ಸಿನ ಮಾತಿದೆ, ಹೆಂಗಸರ ಮೇಲಿನ ತಾರತಮ್ಯದ ಬಗ್ಗೆ ಇದೆ. ಪ್ರೀತಿಯ ಬಗ್ಗೆ, ದೇಹದ ಬಗ್ಗೆ ಮಾತ್ರ ಬಾಯಿ ಬಿಟ್ಟಿಲ್ಲ. ಸರ್ಕಾರವನ್ನೇ ಎದುರು ಹಾಕಿಕೊಂಡು ಜೈಲಿಗೆ ಹೋದವರು ಇದೊಂದಕ್ಕೆ ಮಾತ್ರ ಹೆದರಿದ್ದು ಯಾಕೆ? ಅದಕ್ಕೆ ಉತ್ತರ 1963ರಲ್ಲಿ ಸಿಗುತ್ತೆ.

ವೇದಿಕೆ ಮೇಲೆ ಯಾರು, ಹಿಂದೆ ಯಾರು

1963ರ ಆಗಸ್ಟ್ 28, ವಾಷಿಂಗ್ಟನ್ ಮೆರವಣಿಗೆ. ಸುಮಾರು ಎರಡೂವರೆ ಲಕ್ಷ ಜನ. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಬಗ್ಗೆ ಮಾತಾಡಿದ ದಿನ. ಆ ವಿಡಿಯೋ ನೀವೂ ನೋಡಿರ್ತೀರಿ.

ಆ ವಿಡಿಯೋದಲ್ಲಿ ಇಲ್ಲದೇ ಇರೋದನ್ನ ನೋಡೋಣ. ಮುಖ್ಯ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆ ಡೊರೊತಿ ಹೈಟ್ ವೇದಿಕೆ ಮೇಲೇ ಕೂತಿದ್ದರು, ಮಾತಾಡೋಕೆ ಮೈಕ್ ಸಿಗಲಿಲ್ಲ. ಸಂಘಟನಾ ಸಮಿತಿಯಲ್ಲಿದ್ದ ಒಬ್ಬರೇ ಮಹಿಳೆ ಆ್ಯನಾ ಹೆಡ್ಜ್‌ಮನ್ ಮೊದಲೇ ಆಕ್ಷೇಪಿಸಿದ್ದರು. ಕೊನೆಗೆ 'ಮಹಿಳೆಯರಿಗೆ ಗೌರವ' ಅಂತ ಕಾರ್ಯಕ್ರಮದಲ್ಲಿ ಒಂದು ಚಿಕ್ಕ ಭಾಗ ಇಟ್ಟರು. ಹಾಡೋಕೆ ಮಾತ್ರ ಮಹಾಲಿಯಾ ಜ್ಯಾಕ್ಸನ್ ಬೇಕು, ಮರಿಯನ್ ಆ್ಯಂಡರ್ಸನ್ ಬೇಕು. ನಮ್ಮೂರ ಸಮಾರಂಭಗಳಲ್ಲಿ ಪ್ರಾರ್ಥನೆಗೆ ಹುಡುಗಿಯರು, ಅಧ್ಯಕ್ಷ ಭಾಷಣಕ್ಕೆ ಗಂಡಸರು ಅನ್ನೋ ಹಾಗೆ. ಮರ್ರೆ ಇದನ್ನ ಖಂಡಿಸಿ ಮೆರವಣಿಗೆಯ ಹಿರಿಯ ನಾಯಕ ಎ. ಫಿಲಿಪ್ ರಾಂಡಾಲ್ಫ್ ಅವರಿಗೆ ನೇರವಾಗಿ ಪತ್ರ ಬರೆದರು.

ಇನ್ನು ಇಡೀ ಮೆರವಣಿಗೆಯನ್ನ ಸಂಘಟಿಸಿದ್ದು ಯಾರು? ಬಸ್ಸು, ಊಟ, ಶೌಚಾಲಯ, ಮೈಕ್ ವ್ಯವಸ್ಥೆ ಎಲ್ಲದರ ಹಿಂದೆ ಇದ್ದವರು ಬೇಯಾರ್ಡ್ ರಸ್ಟಿನ್. ಅವರು ಸಲಿಂಗ ಪ್ರೇಮಿ, 1953ರಲ್ಲಿ ಅದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಜೈಲು ಕಂಡವರು. ಮೆರವಣಿಗೆಗೆ ಎರಡು ವಾರ ಇದೆ ಅನ್ನುವಾಗ ವರ್ಣಭೇದದ ಪರ ಇದ್ದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಆ ಹಳೇ ಪ್ರಕರಣವನ್ನ ಸೆನೆಟ್‌ನಲ್ಲೇ ಎತ್ತಿದರು. ರಾಂಡಾಲ್ಫ್ ಬೆನ್ನಿಗೆ ನಿಂತಿದ್ದರಿಂದ ರಸ್ಟಿನ್ ಉಳಿದುಕೊಂಡರು. ಆದ್ರೆ ಅಧಿಕೃತವಾಗಿ ಅವರಿಗೆ ಸಿಕ್ಕಿದ್ದು 'ಉಪ' ನಿರ್ದೇಶಕ ಪಟ್ಟ. ಕ್ಯಾಲಿಫೋರ್ನಿಯಾ ಸರ್ಕಾರ ಆ ಶಿಕ್ಷೆಗೆ ಕ್ಷಮಾದಾನ ಕೊಟ್ಟಿದ್ದು 2020ರಲ್ಲಿ. ಅಷ್ಟೊತ್ತಿಗೆ ರಸ್ಟಿನ್ ಸತ್ತು 32 ವರ್ಷ ದಾಟಿತ್ತು.

ಸಮಾನತೆಗಾಗಿ ಸೇರಿದ ಜಾಗದಲ್ಲೇ ಹೀಗೆ. ಜನಾಂಗದ ಹೋರಾಟದಲ್ಲಿ ಹೆಂಗಸರು 'ಆಮೇಲೆ ನೋಡೋಣ'. ಸಲಿಂಗ ಪ್ರೇಮಿಗಳು 'ತೆರೆಯ ಹಿಂದೆ ಇರಿ'. ಇನ್ನು ಮಹಿಳಾ ಚಳವಳಿಗೆ ಹೋದ್ರೆ ಅಲ್ಲಿ ಮುಂದೆ ಇರೋರು ಬಿಳಿಯ ಮಧ್ಯಮ ವರ್ಗದವರು. ಮರ್ರೆ ತನ್ನ ಮೂರನೇ ಮಾತನ್ನ ಯಾಕೆ ಮುಚ್ಚಿಟ್ಟರು ಅಂತ ಈಗ ಅರ್ಥ ಆಗುತ್ತಲ್ವಾ? ಎರಡು ಹೋರಾಟ ನಡೀಬೇಕು ಅಂದ್ರೆ ಮೂರನೇದನ್ನ ಬಲಿ ಕೊಡಬೇಕಿತ್ತು.

ಕಾನೂನಲ್ಲಿ ಉಳಿದ ಒಂದು ಪದ

ಈಗ 1964. ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಸಿದ್ಧ ಆಗ್ತಿದೆ. ಅದರ ಏಳನೇ ಭಾಗ ಉದ್ಯೋಗದ ಬಗ್ಗೆ. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ. ವರ್ಜೀನಿಯಾದ ಹೊವಾರ್ಡ್ ಸ್ಮಿತ್ ಎಂಬ ಸಂಸದ, ಈ ಕಾಯ್ದೆಯನ್ನೇ ವಿರೋಧಿಸ್ತಿದ್ದವರು, 'ಲಿಂಗ' ಅನ್ನೋ ಪದವನ್ನೂ ಸೇರಿಸಿ ಅಂದರು. ಸೇರಿತು. ಸೆನೆಟ್‌ಗೆ ಬಂದಾಗ ಅದನ್ನ ತೆಗೆದುಬಿಡೋ ಭಯ ಇತ್ತು.

ಆಗ ಮರ್ರೆ ಒಂದು ಟಿಪ್ಪಣಿ ಬರೆದರು. ಅದರ ಸಾರ ಇಷ್ಟು: ಲಿಂಗ ಅನ್ನೋ ಪದ ತೆಗೆದ್ರೆ ಈ ಕಾಯ್ದೆ ಕಪ್ಪು ಜನರಲ್ಲಿ ಅರ್ಧದಷ್ಟು ಮಂದಿಯನ್ನ ಮಾತ್ರ ಕಾಪಾಡುತ್ತೆ. ಕಪ್ಪು ಹೆಂಗಸಿಗೆ ಕೆಲಸ ಸಿಗದೇ ಇದ್ದಾಗ, ಅದು ಬಣ್ಣಕ್ಕಾ ಹೆಣ್ಣು ಅನ್ನೋದಕ್ಕಾ ಅಂತ ಬಿಡಿಸಿ ಹೇಳೋಕೆ ಬಹಳ ಸಲ ಅವಳಿಗೇ ಆಗಲ್ಲ. ಟಿಪ್ಪಣಿ ಸರ್ಕಾರದ ದೊಡ್ಡವರ ಕೈ ಸೇರಿತು. ಪದ ಉಳಿಯಿತು.

ಪದ ಉಳಿದ್ರೆ ಸಾಕಾ? 1976ರ ಒಂದು ಕೇಸ್ ನೋಡಿ. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನೂ ನಾಲ್ವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ಮೇಲೆ ಕೇಸ್ ಹಾಕಿದರು. 1964ಕ್ಕೆ ಮೊದಲು ಕಂಪನಿ ಕಪ್ಪು ಮಹಿಳೆಯರನ್ನ ಕೆಲಸಕ್ಕೆ ತಗೊಂಡೇ ಇರಲಿಲ್ಲ. ಆಮೇಲೆ ತಗೊಂಡರು. ಆರ್ಥಿಕ ಹಿಂಜರಿತ ಬಂದಾಗ ಸೀನಿಯಾರಿಟಿ ಪ್ರಕಾರ ಕೊನೆಗೆ ಸೇರಿದವರನ್ನ ಮೊದಲು ತೆಗೆದರು. 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲರೂ ಮನೆಗೆ ಹೋದರು.

ಕೋರ್ಟ್ ಏನಂತು? ಲಿಂಗ ತಾರತಮ್ಯ ಇಲ್ಲ, ಯಾಕಂದ್ರೆ ಕಂಪನಿಯಲ್ಲಿ ಹೆಂಗಸರು ಇದ್ದರು. ಅವರು ಬಿಳಿಯರು ಅನ್ನೋದು ಬೇರೆ ಮಾತು. ಜನಾಂಗದ ದೂರು ಇದ್ರೆ, ಅದೇ ಕಂಪನಿ ಮೇಲೆ ಇರೋ ಇನ್ನೊಂದು ಕೇಸಿಗೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ 'ಕಪ್ಪು ಮಹಿಳೆ' ಅಂತ ಹೊಸದೊಂದು ವರ್ಗ ಮಾಡೋಕೆ ಬರಲ್ಲ.

ನಾನು ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಇದು ಎಕ್ಸೆಲ್ ಶೀಟಲ್ಲೇ ಅರ್ಥ ಆಗೋದು. ಒಂದು ಪಿವೋಟ್ ಟೇಬಲ್ ಹಾಕಿ. ಅಡ್ಡಸಾಲಲ್ಲಿ ಬಿಳಿ, ಕಪ್ಪು. ಕಾಲಮ್ಮಲ್ಲಿ ಗಂಡಸು, ಹೆಂಗಸು. 'ಕಪ್ಪು' ಸಾಲಿನ ಟೋಟಲ್ ನೋಡಿ, ಸಂಖ್ಯೆ ಇದೆ; ಅವರೆಲ್ಲ ಫ್ಯಾಕ್ಟರಿಯ ಗಂಡಸರು. 'ಹೆಂಗಸು' ಕಾಲಮ್ಮಿನ ಟೋಟಲ್ ನೋಡಿ, ಸಂಖ್ಯೆ ಇದೆ. ಅವರೆಲ್ಲ ಬಿಳಿಯ ಹೆಂಗಸರು. ಎರಡೂ ಟೋಟಲ್ ಚೆನ್ನಾಗಿದೆ. ಸಾಲು ಮತ್ತು ಕಾಲಮ್ ಕೂಡೋ ಆ ಒಂದು ಸೆಲ್ಲಿಗೆ ಹೋಗಿ. ಸೊನ್ನೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ ಅಂತ ಫಸ್ಟ್ ಇಯರಲ್ಲೇ ಹೇಳಿಕೊಡ್ತಾರಲ್ಲ, ಅದೇ. ಕೋರ್ಟ್ ಟೋಟಲ್ ನೋಡಿತು, ಸೆಲ್ ನೋಡಲಿಲ್ಲ.

1989ರಲ್ಲಿ ಕಿಂಬರ್ಲಿ ಕ್ರೆನ್‌ಶಾ ಅನ್ನೋ ಕಪ್ಪು ಕಾನೂನು ಪ್ರಾಧ್ಯಾಪಕಿ ಇದೇ ಕೇಸನ್ನ ಮುಂದಿಟ್ಟುಕೊಂಡು ಒಂದು ಲೇಖನ ಬರೆದರು. ಅವರು ಕೊಟ್ಟ ಹೋಲಿಕೆ ಸರ್ಕಲ್ಲಿನದ್ದು. ನಾಲ್ಕು ರಸ್ತೆ ಕೂಡೋ ಜಾಗದಲ್ಲಿ ನಿಂತವರಿಗೆ ಗಾಡಿ ಯಾವ ಕಡೆಯಿಂದ ಬೇಕಾದ್ರೂ ಬಂದು ಗುದ್ದಬಹುದು, ಕೆಲವು ಸಲ ಎರಡೂ ಕಡೆಯಿಂದ ಒಟ್ಟಿಗೆ. ಯಾವ ಗಾಡಿ ಗುದ್ದಿತು ಅಂತ ಗೊತ್ತಾದ್ರೆ ಮಾತ್ರ ಆಂಬುಲೆನ್ಸ್ ಕಳಿಸ್ತೀವಿ ಅಂದ್ರೆ, ಬಿದ್ದವರು ಅಲ್ಲೇ ಬಿದ್ದಿರ್ತಾರೆ. ಈ ಯೋಚನೆಗೆ ಅವರಿಟ್ಟ ಹೆಸರು 'ಇಂಟರ್‌ಸೆಕ್ಷನಾಲಿಟಿ'. ಥಿಯರಿ ಆಮೇಲೆ ಅಂದಿದ್ನಲ್ಲ, ಇದೇ ಅದು. ಪದ ಬಂದಿದ್ದು 1989ರಲ್ಲಿ. ಮರ್ರೆ ಅದನ್ನ ಬದುಕಿ ಮುಗಿಸಿದ್ದು 1985ರಲ್ಲಿ.

ಕನ್ನಡದ 'ಅವರು'

ಇಲ್ಲಿ ನಾನು ಒಂದು ವಿಷಯ ಗಮನಿಸಿದೆ. ಇಂಗ್ಲಿಷಲ್ಲಿ ಮರ್ರೆ ಬಗ್ಗೆ ಬರೆಯೋರಿಗೆಲ್ಲ ಒಂದು ತಲೆನೋವು: ಇವರನ್ನ 'ಹಿ' ಅನ್ನಬೇಕಾ, 'ಶಿ' ಅನ್ನಬೇಕಾ, 'ದೇ' ಅನ್ನಬೇಕಾ? ಇಷ್ಟು ಹೊತ್ತು ನಾನು ಕನ್ನಡದಲ್ಲಿ ಹೇಳ್ತಾ ಬಂದೆ, ಆ ತೊಂದರೆ ಬರಲೇ ಇಲ್ಲ. 'ಅವರು' ಅಂದೆ, 'ಓದಿದರು' ಅಂದೆ. ಮುಗೀತು.

ಖುಷಿ ಪಡೋ ಮೊದಲು ಒಂದು ನಿಮಿಷ. ನಮ್ಮ 'ಅವರು' ಎಲ್ಲರಿಗೂ ಸಿಗುತ್ತಾ? ಮೇಷ್ಟ್ರಿಗೆ, ಡಾಕ್ಟರಿಗೆ, ಅತ್ತೆ ಮಾವನಿಗೆ ಸಿಗುತ್ತೆ. ಸಿಗ್ನಲ್ಲಲ್ಲಿ ಕೈಚಾಚಿ ನಿಂತ ಟ್ರಾನ್ಸ್ ಮಹಿಳೆಯ ಬಗ್ಗೆ ಆಟೋದೊಳಗಿಂದ ಬರೋ ಮಾತು ಕೇಳಿಸಿಕೊಂಡಿದೀರಾ? 'ಅವನು', 'ಅವಳು' ಕೂಡ ಅಲ್ಲ, ಎಷ್ಟೋ ಸಲ 'ಅದು'. ನಮ್ಮ ಭಾಷೆಯಲ್ಲಿ ಲಿಂಗ ಕೇಳದೇ ಇರೋ ಪದ ಇದೆ, ಆದ್ರೆ ಅದನ್ನ ಗೌರವದ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದೀವಿ.

ಇದು ಅಮೆರಿಕದ ಕಥೆ ಮಾತ್ರ ಅಲ್ಲ ಅನ್ನೋಕೆ ಎರಡು ಉದಾಹರಣೆ ಸಾಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳ್ತಿರೋ ಸಿದ್ದಿ ಜನ ಆಫ್ರಿಕಾ ಮೂಲದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ತು. ಮನೆಮಾತು ಕೊಂಕಣಿ, ಹೊರಗೆ ಕನ್ನಡ. ಆದ್ರೂ ಮುಖ ನೋಡಿ 'ಯಾವ ದೇಶ?' ಅಂತ ಕೇಳೋರು ನಾವೇ. ಸಿದ್ದಿ ಹುಡುಗಿ ಬೆಂಗಳೂರಿಗೆ ಬಂದ್ರೆ, ಹುಡುಗಿಯರು ಎದುರಿಸೋ ಪ್ರಶ್ನೆಗಳ ಜೊತೆಗೆ ಈ ಪ್ರಶ್ನೆಯೂ ಸೇರಿಕೊಳ್ಳುತ್ತೆ.

ಇನ್ನೊಂದು ಸಮಾಧಾನದ ಉದಾಹರಣೆ. ಕೆಪಿಎಸ್‌ಸಿಗೆ ಓದ್ತಾ ಇರೋರಿಗೆ 'ಸಮತಲ ಮೀಸಲಾತಿ' ಗೊತ್ತಿರುತ್ತೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಡ್ತು. ದೇಶದಲ್ಲೇ ಮೊದಲು. ಅದನ್ನ ಕೊಟ್ಟ ರೀತಿ ಗಮನಿಸಿ. ಪ್ರತ್ಯೇಕವಾಗಿ ಒಂದು ಕಾಲಮ್ ಮಾಡಿ ಎಲ್ಲರನ್ನೂ ಅದಕ್ಕೆ ತುಂಬಲಿಲ್ಲ. ಸಾಮಾನ್ಯ ವರ್ಗದಲ್ಲಿ ಶೇ 1, ಪರಿಶಿಷ್ಟ ಜಾತಿಯಲ್ಲಿ ಶೇ 1, ಪರಿಶಿಷ್ಟ ಪಂಗಡದಲ್ಲಿ ಶೇ 1, ಹಿಂದುಳಿದ ವರ್ಗಗಳ ಪ್ರತಿ ಪ್ರವರ್ಗದಲ್ಲೂ ಶೇ 1. ಅಂದ್ರೆ ದಲಿತ ಟ್ರಾನ್ಸ್ ಅಭ್ಯರ್ಥಿ 'ನಾನು ದಲಿತ ಅಂತ ಬರೀಲಾ, ಟ್ರಾನ್ಸ್ ಅಂತ ಬರೀಲಾ' ಅಂತ ಆರಿಸಿಕೊಳ್ಳಬೇಕಾಗಿಲ್ಲ. ಎರಡೂ ಹೌದು. 1976ರಲ್ಲಿ ಅಮೆರಿಕದ ಕೋರ್ಟ್ ನೋಡದೇ ಬಿಟ್ಟ ಆ ಸೆಲ್ಲನ್ನ ನಮ್ಮ ರೋಸ್ಟರ್ ಕಾಗದದ ಮೇಲಾದ್ರೂ ನೋಡ್ತು. ಹುದ್ದೆ ತುಂಬೋದು ಬೇರೆ ಕೆಲಸ, ಅದರ ಮೇಲೆ ಕಣ್ಣಿಡಬೇಕಾದವರು ನಾವೇ.

ಕೊನೆಗೆ ಏನಾಯ್ತು?

ಮರ್ರೆ ಹೊವಾರ್ಡ್‌ನಲ್ಲಿದ್ದಾಗ, 'ಬೇರೆ ಬೇರೆ, ಆದ್ರೆ ಸಮಾನ' ಅನ್ನೋ ವರ್ಣಭೇದದ ತತ್ವವನ್ನೇ ನೇರವಾಗಿ ಪ್ರಶ್ನಿಸಬೇಕು ಅಂತ ವಾದ ಮಾಡಿದ್ದರು. ಸಹಪಾಠಿಗಳು ನಕ್ಕಿದ್ದರು. ಪ್ರೊಫೆಸರ್ ಜೊತೆ 10 ಡಾಲರ್ ಬಾಜಿ: 25 ವರ್ಷದಲ್ಲಿ ಅದು ಬಿದ್ದು ಹೋಗುತ್ತೆ ಅಂತ. ಹತ್ತೇ ವರ್ಷಕ್ಕೆ, 1954ರಲ್ಲಿ, ಬ್ರೌನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಮಟ್ಟಿಗೆ ಅದನ್ನ ಬೀಳಿಸಿತು. 1971ರಲ್ಲಿ ಲಿಂಗ ತಾರತಮ್ಯದ ವಿರುದ್ಧ ರೀಡ್ ಕೇಸಿನ ಅರ್ಜಿ ಸಿದ್ಧ ಮಾಡಿದ ರೂತ್ ಬೇಡರ್ ಗಿನ್ಸ್‌ಬರ್ಗ್, ಅದರ ಮುಖಪುಟದಲ್ಲಿ ಮರ್ರೆಯ ಹೆಸರನ್ನೂ ಹಾಕಿದರು. ಮರ್ರೆ ಆ ಅರ್ಜಿ ಬರೆದಿರಲಿಲ್ಲ, ಆದ್ರೆ ವಾದದ ಬೇರು ಅವರದ್ದು ಅಂತ ಒಪ್ಪಿಕೊಳ್ಳೋಕೆ.

1977ರಲ್ಲಿ ಮರ್ರೆ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು. ಮೊದಲ ಪ್ರಭುಭೋಜನ ನಡೆಸಿಕೊಟ್ಟಿದ್ದು ಚಾಪೆಲ್ ಹಿಲ್ ಊರಿನ ಚರ್ಚಿನಲ್ಲಿ. ಅಜ್ಜಿ ಕಾರ್ನೀಲಿಯಾಗೆ ಗುಲಾಮಳಾಗಿದ್ದಾಗ ದೀಕ್ಷಾಸ್ನಾನ ಆಗಿದ್ದ ಅದೇ ಚರ್ಚು.

2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬೋಸ್ಟಾಕ್ ಕೇಸಿನ ತೀರ್ಪು ಕೊಟ್ಟಿತು. ಸಲಿಂಗಿ ಅಂತಲೋ ಟ್ರಾನ್ಸ್‌ಜೆಂಡರ್ ಅಂತಲೋ ಒಬ್ಬರನ್ನ ಕೆಲಸದಿಂದ ತೆಗೆದ್ರೆ ಅದೂ ಲಿಂಗ ತಾರತಮ್ಯವೇ, 1964ರ ಕಾಯ್ದೆಯ ಪ್ರಕಾರ ತಪ್ಪು ಅಂತ. ತೀರ್ಪು ನಿಂತಿದ್ದು ಯಾವ ಪದದ ಮೇಲೆ? ಕಪ್ಪು ಹೆಂಗಸರಿಗೋಸ್ಕರ ಮರ್ರೆ ಉಳಿಸಿಕೊಂಡ ಆ 'ಲಿಂಗ' ಅನ್ನೋ ಪದದ ಮೇಲೆ. ತನ್ನ ಮೂರನೇ ಮಾತನ್ನ ಬಾಯಿಬಿಟ್ಟು ಹೇಳಲಾಗದೇ ಹೋದವರು ಉಳಿಸಿದ ಪದ, 56 ವರ್ಷದ ನಂತರ ಅಂಥ ಮಾತಿರೋ ಎಷ್ಟೋ ಜನರ ಕೆಲಸ ಉಳಿಸ್ತು.

ಡಾಕ್ಟರಿಗೆ ಬರೆದ ಆ ಕಾಗದಗಳನ್ನ ಮರ್ರೆ ಸುಡಲಿಲ್ಲ. ಜೋಪಾನವಾಗಿ ಇಟ್ಟು, ಒಂದು ಗ್ರಂಥಾಲಯಕ್ಕೆ ಸೇರೋ ಹಾಗೆ ಮಾಡಿ ಹೋದರು. ಅದಕ್ಕೇ ಇವತ್ತು ನಾವು ಇಷ್ಟು ಮಾತಾಡೋಕೆ ಆಯ್ತು. ಆ ಗ್ರಂಥಾಲಯ ಎಲ್ಲಿದೆ ಗೊತ್ತಾ? ಹಾರ್ವರ್ಡ್‌ನಲ್ಲಿ.

ಈ ವಾರಕ್ಕೆ ಇಷ್ಟು. ಸಂಚಿಕೆ ಇಷ್ಟ ಆದ್ರೆ ಒಬ್ಬರಿಗೆ ಕಳಿಸಿ, 'ಅಜ್ಜಿ ಕಾಲದಲ್ಲಿ ಇರಲಿಲ್ಲ' ಅನ್ನೋರಿಗೇ ಕಳಿಸಿದ್ರೆ ಇನ್ನೂ ಒಳ್ಳೇದು.